ಆನೆ ತೋರಿಸಿದ ಮುರಿಗೆಪ್ಪ

ಹೊಳೆದಂಡೆಯ ಆಶ್ರಮದಲ್ಲಿ ನಿರ್ವಾಣಯ್ಯ ಎಂಬ ಚಿತ್ರಕಾರ ಗುರುಗಳಿದ್ದರು. ಆಶ್ರಮದ ಓಣಿಯ ಗೋಡೆಗಳ ಮೇಲೆಲ್ಲ ಅವರ ಕೈಯ ಆನೆ, ನವಿಲು, ದಿಬ್ಬಣ. ಸ್ನಾನಘಟ್ಟದ ಬಳಿಯ ಒಂದು ಗೋಡೆ ಮಾತ್ರ ಖಾಲಿ.

ಶಿಷ್ಯ ಮುರಿಗೆಪ್ಪನಿಗೆ ಆ ಗೋಡೆಯ ಮೇಲೆಯೇ ಕಣ್ಣು. ಅಲ್ಲಿ ಬರೆಯಲು ಅಪ್ಪಣೆ ಸಿಕ್ಕರೆ ಅವನಿಗೆ ಸ್ವರ್ಗಕ್ಕೆ ಮೂರೇ ಗೇಣು.

ಮೊದಲು ಓಣಿಯ ಮಕ್ಕಳಿಗೆ ಈ ಚಿತ್ರಗಳನ್ನು ತೋರಿಸು ಎಂದರು ಗುರುಗಳು. ಯಾರೂ ಕರೆಯದೆ ಮಕ್ಕಳು ಮತ್ತೆ ಬಂದರೆ ಗೋಡೆ ನಿನ್ನದು ಎಂದೂ ಸೇರಿಸಿದರು.

ಇಷ್ಟೇನಾ ಎಂದುಕೊಂಡ ಮುರಿಗೆಪ್ಪ. ಕೋಲು ಹಿಡಿದು ಮಕ್ಕಳನ್ನು ಸಾಲಾಗಿ ನಿಲ್ಲಿಸಿದ. ಕೈ ಕಟ್ಟಿಸಿದ. ಯಾರೂ ಮುಟ್ಟಕೂಡದು ಎಂದು ಗದರಿದ. ಆಮೇಲೆ ಶುರುವಾಯಿತು ನೋಡಿ, ಈ ಕೆಂಪು ಯಾವ ಮಣ್ಣಿನದು, ಈ ಗೆರೆ ಎಷ್ಟು ಕಷ್ಟದ್ದು, ಈ ಆನೆಯ ಅರ್ಥವೇನು! ಬಿಸಿಲು ನೆತ್ತಿಗೇರಿದರೂ ಪುಣ್ಯಾತ್ಮನ ಬಾಯಿ ನಿಲ್ಲಲಿಲ್ಲ.

ಸಂಜೆ ಗುರುಗಳು ಮಕ್ಕಳ ಕೈಗೆ ಇದ್ದಿಲು ಕೊಟ್ಟು, ಕಂಡದ್ದನ್ನು ಜಗುಲಿಯ ಮೇಲೆ ಬರೆಯಿರಿ ಎಂದರು.

ಎಲ್ಲರೂ ಮುರಿಗೆಪ್ಪನನ್ನೇ ಬರೆದರು. ಮೀಸೆ, ಕೋಲು, ಬಾವಿಯಷ್ಟು ತೆರೆದ ಬಾಯಿ. ಆನೆ ಎಲ್ಲೂ ಇರಲಿಲ್ಲ.

ಗುರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಮುರಿಗೆಪ್ಪನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮರುದಿನ ಒಂದು ಮಗುವೂ ಚಿತ್ರಗಳತ್ತ ಸುಳಿಯಲಿಲ್ಲ.

"ಗೋಡೆ ಹೋಯಿತು, ಗುರುಗಳೇ," ಎಂದ. "ನಾನೆಲ್ಲಿ ತಪ್ಪಿದೆ?"

"ನೀನು ಎಲ್ಲಿ ನಿಂತಿದ್ದೆ?"

"ಚಿತ್ರದ ಮುಂದೆ."

"ಸ್ವಲ್ಪ ಸರಿದು ಕೂತ್ಕೊಳ್ಳಪ್ಪ."

ಅವನು ಕೋಲು ಬಿಸಾಕಿ, ಎದುರಿನ ಕಟ್ಟೆಯ ಮೇಲೆ ಹೋಗಿ ಕೂತ. ನೀರಿಗೆ ಹೊರಟಿದ್ದ ಹುಡುಗಿಯೊಬ್ಬಳು ಆನೆಯ ಮುಂದೆ ಕೊಡ ಇಳಿಸಿದಳು. ಇದು ಎಲ್ಲಿಗೆ ಹೊರಟಿದೆ ಎಂದು ಅವನನ್ನು ಕೇಳಿದಳು.

ಉತ್ತರ ನಾಲಗೆಯ ತುದಿಯಲ್ಲೇ ಇತ್ತು. ಕಷ್ಟಪಟ್ಟು ನುಂಗಿಕೊಂಡ. "ನಿನಗೇನು ಕಾಣುತ್ತೆ, ತಾಯಿ?"

ಮದುವೆಗೆ ಹೊರಟಿದೆ ಎಂದಳು. ಹಿಂದೆ ಬಂದ ಅವಳ ತಮ್ಮ, ಊಟ ಮುಗಿಸಿ ವಾಪಸು ಬರ್ತಿದೆ, ಹೊಟ್ಟೆ ನೋಡು ಎಂದ. ಜಗಳ ಹತ್ತಿತು. ಗದ್ದಲ ಕೇಳಿ ಓಣಿಯ ಮಕ್ಕಳೆಲ್ಲ ಓಡಿ ಬಂದರು. ಒಬ್ಬ ಮುರಿಗೆಪ್ಪನನ್ನು ಗೋಡೆಯ ಬಳಿಗೆ ಎಳೆತಂದು, ಅವನ ಹೆಗಲೇರಿ, ಆನೆಯ ಕಿವಿಗೇ ಬಾಯಿಟ್ಟು ವಿಚಾರಿಸಿದ. ಆನೆ ಏನು ಹೇಳಿತೋ ಎಂದು ಮುರಿಗೆಪ್ಪನಿಗೂ ಕುತೂಹಲ! ಅಷ್ಟು ಖುಷಿ ಅವನಿಗೆ ಹಿಂದೆಂದೂ ಆಗಿರಲಿಲ್ಲ.

ಮರುದಿನ ಬೆಳಕು ಹರಿಯುವಷ್ಟರಲ್ಲಿ ಮಕ್ಕಳು ತಾವಾಗಿಯೇ ಬಂದಿದ್ದರು. ಮುರಿಗೆಪ್ಪ ಆನೆಯತ್ತ ನೋಡಿದ. ಬಾಲವೇ ಇಲ್ಲ. ಮಕ್ಕಳು ಕೈಯಿಂದ ಸವರಿ ಸವರಿ ಒರೆಸಿಹಾಕಿದ್ದರು.

ಗೋಡೆಯ ಆಸೆ ಬಿಟ್ಟೇ ಗುರುಗಳ ಮುಂದೆ ನಿಂತ. "ಮಕ್ಕಳೇನೋ ಬಂದರು. ಆದರೆ ನಾನು ಏನನ್ನೂ ಕಲಿಸಲಿಲ್ಲ. ಸಾಲದ್ದಕ್ಕೆ ನೀವು ಬರೆದ ಬಾಲವನ್ನೂ ಉಳಿಸಲಿಲ್ಲ."

ಗುರುಗಳು ಬಣ್ಣದ ಕುಡಿಕೆ ತಂದು ಅವನ ಕೈಗಿಟ್ಟರು.

"ಗೋಡೆ ನಿನ್ನದು. ನಿನ್ನ ಆನೆಯ ಬಾಲವೂ ಅವರ ಕೈಗೆ ಎಟುಕುವ ಹಾಗಿರಲಿ."