ಸೀಟಿನ ಕೆಳಗಿನ ಸ್ವಿಚ್ಚು

"ಬುದ್ಧಿ, ನ್ಯಾಯವಾದ ಸಿಟ್ಟೂ ತಪ್ಪೇ?"

ಕೇಳಿದವನು ಪಂಚಾಕ್ಷರಿ, ಮಠದ ಶಿಷ್ಯ. ಅಪ್ಪ ಕಟ್ಟಿದ ಹಿಟ್ಟಿನ ಗಿರಣಿಯನ್ನು ಅವನ ಅಣ್ಣ ಮೋಸದಿಂದ ತನ್ನೊಬ್ಬನ ಹೆಸರಿಗೆ ಮಾಡಿಸಿಕೊಂಡಿದ್ದ. ಅದು ಊರಿಗೆಲ್ಲ ಗೊತ್ತಿದ್ದ ಸಂಗತಿ.

"ಅವನ ಹೊಸ್ತಿಲು ಇನ್ನು ತುಳಿಯುವುದಿಲ್ಲ ಎಂದು ಆಣೆ ಮಾಡಿದ್ದೇನೆ, ಬುದ್ಧಿ. ಎಲ್ಲರೂ ಬಿಡು ಬಿಡು ಅನ್ನುತ್ತಾರೆ. ಮೋಸ ಮಾಡಿದವನು ಅವನು. ನಾನು ಯಾಕೆ ಬಿಡಬೇಕು? ನೀವೇ ಹೇಳಿ."

ಸ್ವಾಮಿಗಳಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಮಠಕ್ಕೆ ಬರುವವರೆಲ್ಲ ಅದನ್ನು ಬಲ್ಲರು. ಅವರು ಪಂಚಾಕ್ಷರಿಯನ್ನು ಮೇಲಿಂದ ಕೆಳಗೆ ನೋಡಿದರು.

"ಬಿಡು ಅಂತ ನಾನು ಯಾವತ್ತು ಹೇಳಿದೆ? ಮೋಸ ಕಂಡೂ ಸಿಟ್ಟು ಬರದವನು ಮನುಷ್ಯನೇ ಅಲ್ಲ. ಕೂತುಕೋ. ಒಂದು ಕತೆ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ."

ಸ್ವಾಮಿಗಳು ಹೇಳಿದ ಕತೆ ಇದು.

ಒಬ್ಬ ಹುಲ್ಲು ಕತ್ತರಿಸುವವನಿದ್ದ. ಜವರಪ್ಪ ಅಂತ. ದನಕ್ಕೆ ಹಾಕುವ ಹುಲ್ಲಲ್ಲ. ಊರಾಚೆಯ ದೊಡ್ಡ ರಸ್ತೆಯಲ್ಲಿ ಸಾಲುಸಾಲಾಗಿ ಕಲ್ಯಾಣ ಮಂಟಪಗಳು ಎದ್ದಿವೆಯಲ್ಲ, ಅವುಗಳ ಮುಂದೆ ಲಾನು ಅಂತ ಬೆಳೆಸುತ್ತಾರೆ. ಯಾವ ದನವೂ ಮೇಯದ ಹುಲ್ಲು. ಮದುವೆಗೆ ಮುಂಚೆ ಅದನ್ನು ಸಮ ಮಾಡಬೇಕು, ಮದುವೆ ಮುಗಿದ ಮೇಲೆ ಮತ್ತೆ ಸಮ ಮಾಡಬೇಕು. ಇವನ ಕಸುಬು ಅದು. ಯಾವುದೋ ರೆಸಾರ್ಟು ಮುಚ್ಚಿದಾಗ ಗುಜರಿಗೆ ಹೊರಟಿದ್ದ ಹಳೆಯ ಮಿಷನ್ನು ಕೊಂಡು ತಂದಿದ್ದ. ಮೇಲೆ ಕೂತು ಓಡಿಸುವಂಥದ್ದು. ನೋಡಲು ಗಿಡ್ಡ ಟ್ರ್ಯಾಕ್ಟರು. ಎಂಜಿನ್ನು ಮುಂದೆ, ಸೀಟು ಹಿಂದೆ, ಹೊಟ್ಟೆಯ ಅಡಿಯಲ್ಲಿ ತಿರುಗುವ ಬ್ಲೇಡು.

ಅವನ ಹೆಂಡತಿ ಚಿಕ್ಕತಾಯಮ್ಮ ಹೂ ಕಟ್ಟುವವಳು. ಆ ಮಂಟಪಗಳಿಗೆಲ್ಲ ಹಾರ, ದಂಡೆ ಅವಳದೇ. ಕೈ ಅಂದರೆ ಅದು ಕೈ, ಮಾರಾಯ! ಬಾಯಿ ಯಾರನ್ನೋ ಬೈಯುತ್ತಿರುತ್ತಿತ್ತು, ಕಣ್ಣು ಒಲೆಯ ಮೇಲಿನ ಹಾಲು ನೋಡುತ್ತಿರುತ್ತಿತ್ತು, ಬೆರಳು ಮಾತ್ರ ಮಲ್ಲಿಗೆ ಕಟ್ಟುತ್ತಲೇ ಇರುತ್ತಿತ್ತು. ಮನೆ ಅರ್ಧ ನಡೆಯುತ್ತಿದ್ದದ್ದು ಅವನ ಮಿಷನ್ನಿನಿಂದ, ಅರ್ಧ ಆ ಬೆರಳುಗಳಿಂದ. ಮಗಳ ನರ್ಸಿಂಗ್ ಓದೂ ಅದರಲ್ಲೇ ಆಗಬೇಕಿತ್ತು.

ಲಾನಿನ ಕೆಲಸಕ್ಕೂ ಅವಳು ಜೊತೆಗೆ ಹೋಗುತ್ತಿದ್ದಳು. ಮದುವೆ ಮುಗಿದ ಲಾನಿನಲ್ಲಿ ಏನೇನಿರುತ್ತದೆ, ನೋಡಿದ್ದೀಯಲ್ಲ? ಹೂವಿನ ದಾರ, ಬಲೂನಿನ ರಿಬ್ಬನ್ನು, ಶಾಮಿಯಾನದ ಹಗ್ಗದ ತುಂಡು. ಅವಳು ಮುಂದೆ ಮುಂದೆ ಆರಿಸುತ್ತಾ ಹೋಗುವಳು, ಅವನು ಹಿಂದೆ ಮಿಷನ್ನು ಬಿಡುವನು. ಎಷ್ಟು ಆರಿಸಿದರೂ ಒಂದಲ್ಲ ಒಂದು ದಾರ ಬ್ಲೇಡಿಗೆ ಸುತ್ತಿಕೊಳ್ಳುತ್ತಿತ್ತು. ಆಗ ಅವನು ಸೀಟಿನಿಂದ ಏಳುವನು. ಅವನು ಎದ್ದ ಕೂಡಲೇ ಮಿಷನ್ನು ತಾನಾಗಿಯೇ ನಿಲ್ಲುತ್ತಿತ್ತು. ಅವನ ದಪ್ಪ ಕೈ ಅಡಿಯ ಸಂದಿಗೆ ಹೋಗದು. ಅವಳು ಬಗ್ಗಿ, ಕೈ ಹಾಕಿ, ದಾರ ಎಳೆದು ತೆಗೆಯುವಳು. ಅವನು ಎದ್ದರೆ ಅವಳು ಬಗ್ಗಬೇಕು. ಮಾತಿಲ್ಲ, ಸನ್ನೆಯಿಲ್ಲ. ವರ್ಷಗಟ್ಟಲೆ ಹಾಗೇ ನಡೆದಿತ್ತು.

ಒಂದು ಸಲ ಮಿಷನ್ನು ಕೆಮ್ಮಿ ಕೆಮ್ಮಿ ನಿಂತಿತು. ಊರಿನಲ್ಲಿ ಆ ಕಂಪನಿಗೆ ಇದ್ದವನು ಒಬ್ಬನೇ ಡೀಲರು. ಗಂಡ ಹೆಂಡತಿ ಅಲ್ಲಿಗೆ ತಳ್ಳಿಕೊಂಡು ಹೋದರು. ಕಾರ್ಬೊರೇಟರು ಸತ್ತಿದೆ, ಹೊಸದು ಹಾಕಬೇಕು ಅಂದ ಆಸಾಮಿ. ಹಾಕಿದೆ ಅಂತ ಬಿಲ್ಲೂ ಕೊಟ್ಟ. ಇವರು ದುಡ್ಡು ಕೊಟ್ಟರು. ಮನೆಗೆ ಬಂದು ಜವರಪ್ಪ ಮುಚ್ಚಳ ಎತ್ತಿ ನೋಡುತ್ತಾನೆ: ಹಳೆಯ ಕಾರ್ಬೊರೇಟರಿನ ಮೂಲೆ ಮುಕ್ಕಾಗಿತ್ತು, ಈ ಹೊಸದರ ಮೂಲೆಯೂ ಅಲ್ಲೇ ಮುಕ್ಕಾಗಿತ್ತು! ತೊಳೆದು, ಒರೆಸಿ, ಅದನ್ನೇ ಕೂರಿಸಿದ್ದ ಕಳ್ಳ ನನ್ನ ಮಗ.

ಹೌದು, ಬೈದೆ. ಕಾವಿ ಹಾಕಿಕೊಂಡು ಬೈಯಬಾರದು ಅನ್ನುವವರು ಆ ಡೀಲರನ ಹತ್ತಿರ ರಿಪೇರಿಗೆ ಹೋಗಲಿ.

ಜವರಪ್ಪ ವಾಪಸ್ಸು ಹೋಗಿ ಕೇಳಿದ. ಡೀಲರು ಕುರ್ಚಿಯಿಂದ ಏಳಲೂ ಇಲ್ಲ. ಅಂಗಡಿ ತುಂಬ ಜನರಿದ್ದರು, ಜವರಪ್ಪನ ಪಕ್ಕದಲ್ಲಿ ಚಿಕ್ಕತಾಯಮ್ಮ ನಿಂತಿದ್ದಳು. "ಹುಲ್ಲು ಕೊಯ್ಯೋನು ಹುಲ್ಲು ಕೊಯ್ಕೊಂಡು ಬಿದ್ದಿರು. ಎಂಜಿನ್ ವಿಷಯ ನಿಂಗೇನಯ್ಯ ಗೊತ್ತು?" ಅಂದ. ಜನ ನಕ್ಕರು. ಆ ನಗು ಜವರಪ್ಪನ ಎದೆಗೆ ನಾಟಿತು. ಆ ಮೆಟ್ಟಿಲು ಇನ್ನು ಹತ್ತುವುದಿಲ್ಲ ಎಂದು ಅಲ್ಲೇ ಆಣೆ ಮಾಡಿ ಇಳಿದು ಬಂದ. ನನ್ನನ್ನು ಕೇಳಿದರೆ, ಸರಿಯಾಗಿಯೇ ಮಾಡಿದ.

ಅಂದಿನಿಂದ ಮಿಷನ್ನಿನ ರಿಪೇರಿಯೆಲ್ಲ ಅವನದೇ. ಅಂಗಳದಲ್ಲಿ ಗೋಣಿತಾಟು ಹಾಸಿ ಇಡೀ ಮಿಷನ್ನು ಬಿಚ್ಚಿದ. ಬಿಚ್ಚಿದ್ದನ್ನು ಬಿಚ್ಚಿದ ಸಾಲಿನಲ್ಲೇ ಇಟ್ಟುಕೊಂಡ. ಕಾರ್ಬೊರೇಟರಿನ ಸಣ್ಣ ತೂತಕ್ಕೆ ಸೀಮೆಎಣ್ಣೆ ಸ್ಟವ್ವಿನ ಪಿನ್ನು ಹಾಕಿ ಕಸ ತೆಗೆದ. ಬ್ಲೇಡು ತಾನೇ ಸಾಣೆ ಹಿಡಿದ. ಬೆಲ್ಟು ಹರಿದಾಗ ಗಿರಣಿ ಸಾಮಾನಿನ ಅಂಗಡಿಯಲ್ಲಿ ಅಳತೆ ನೋಡಿ ತಂದು ಹಾಕಿದ. ಮೊದಮೊದಲು ಎಲ್ಲ ಜೋಡಿಸಿದ ಮೇಲೂ ಒಂದೆರಡು ಬೋಲ್ಟು ಉಳಿಯುತ್ತಿತ್ತು, ಮತ್ತೆ ಬಿಚ್ಚುತ್ತಿದ್ದ. ಬರಬರುತ್ತಾ ಕೈ ಕುದುರಿತು. ಪ್ರತಿ ಸಲ ಎಂಜಿನ್ನು ಹತ್ತಿಕೊಂಡಾಗಲೂ "ತಗೋ ಡೀಲರಾ!" ಎಂದು ಕೂಗುವನು. ಚಿಕ್ಕತಾಯಮ್ಮ ಹೂ ಕಟ್ಟುತ್ತಾ ನಗುವಳು. ಕೆಲಸ ಮುಗಿಸಿ ಬರುವಾಗ ಬೇಕೆಂದೇ ಸುತ್ತು ದಾರಿ ಹಿಡಿದು ಡೀಲರನ ಅಂಗಡಿಯ ಮುಂದೆ ನಿಧಾನವಾಗಿ ಮಿಷನ್ನು ಬಿಡುವನು. ಇಲ್ಲಿಯವರೆಗೆ ತಪ್ಪು ಹುಡುಕಬೇಡ, ತಪ್ಪಿಲ್ಲ. ಸಿಟ್ಟು ಅವನಿಗೆ ವಿದ್ಯೆ ಕಲಿಸಿತ್ತು.

ಆಮೇಲೆ ಹೊಸ ಕಾಟ ಶುರುವಾಯಿತು. ನೆಲ ಸ್ವಲ್ಪ ಏರುತಗ್ಗಾದರೂ ಸಾಕು, ಮಿಷನ್ನು ಗಕ್ಕನೆ ನಿಲ್ಲುವುದು. ಹತ್ತಿಸಿದರೆ ಹತ್ತುವುದು, ನಾಲ್ಕು ಮಾರು ಹೋಗಿ ಮತ್ತೆ ನಿಲ್ಲುವುದು. ಹುಡುಕಿ ಹುಡುಕಿ ಕಡೆಗೆ ಸೀಟು ಕಿತ್ತ. ಕೆಳಗೆ ಒಂದು ಸಣ್ಣ ಸ್ವಿಚ್ಚಿತ್ತು. ಆಳು ಕೂತರೆ ಅದು ಅಮುಕಿಕೊಳ್ಳುತ್ತದೆ, ಎದ್ದರೆ ಬಿಟ್ಟುಕೊಂಡು ಎಂಜಿನ್ನು ನಿಲ್ಲಿಸುತ್ತದೆ. ಅದರ ಸ್ಪ್ರಿಂಗು ಸಡಿಲವಾಗಿತ್ತು. ಒಂದು ಕುಲುಕಿಗೆ ಅದು ಆಳು ಎದ್ದನೆಂದು ತಿಳಿಯುತ್ತಿತ್ತು.

ಊರೆಲ್ಲ ಅಲೆದ. ಮೋಟಾರು ಅಂಗಡಿ, ಬೈಕಿನ ಅಂಗಡಿ, ಗುಜರಿ, ಎಲ್ಲೂ ಅಂಥ ಸ್ವಿಚ್ಚಿಲ್ಲ. ಇದ್ದದ್ದು ಡೀಲರನ ಹತ್ತಿರ ಮಾತ್ರ.

"ಹೋಗಿ ಒಂದು ತಂದುಬಿಡಿ. ಅವನ ಮುಖ ನೋಡಬೇಡಿ, ಸಾಮಾನು ಈಸ್ಕೊಂಡು ಬನ್ನಿ. ಇಲ್ಲ ಅಂದ್ರೆ ನಾನೇ ಹೋಗ್ತೀನಿ" ಅಂದಳು ಚಿಕ್ಕತಾಯಮ್ಮ.

"ನೀನು ಹೋದ್ರೆ ನಾನು ಹೋದಂಗೇ ಲೆಕ್ಕ. ಆ ಕಳ್ಳನ ಮೆಟ್ಟಿಲು ನನ್ನ ಮನೆಯೋರು ಯಾರೂ ಹತ್ತಕೂಡದು!" ಎಂದು ಜವರಪ್ಪ ಹಾರಾಡಿದ. ಅವಳು ಹೂವಿನ ಬುಟ್ಟಿ ಎಳೆದುಕೊಂಡಳು.

ಇದೆಲ್ಲ ಡೀಲರನದೇ ಕಿತಾಪತಿ ಎಂದು ಅವನ ತಲೆಗೆ ಹೊಕ್ಕಿತು. ಗಿರಾಕಿ ಮತ್ತೆ ಮತ್ತೆ ತನ್ನ ಬಾಗಿಲಿಗೆ ಬರಲಿ ಎಂದೇ ಇಂಥ ಕೊಕ್ಕೆಗಳನ್ನು ಇಟ್ಟಿರುತ್ತಾರೆ ಎಂದುಕೊಂಡ. ಸ್ವಿಚ್ಚಿನ ಎರಡು ವೈರು ಕತ್ತರಿಸಿ, ಒಂದಕ್ಕೊಂದು ಹೆಣೆದು, ಟೇಪು ಸುತ್ತಿದ. ಮಿಷನ್ನು ಕುಲುಕಿದರೂ ನಿಲ್ಲಲಿಲ್ಲ. "ತಗೋ ಡೀಲರಾ!" ಎಂದು ಕೂಗಿದ.

ಹೆಂಡತಿ ಹೊರಗೆ ಬಂದು "ಏನು ಮಾಡಿದ್ರಿ?" ಎಂದು ಕೇಳಿದಳು. "ರಿಪೇರಿ ಆಯ್ತು" ಅಂದ. ಅಷ್ಟೇ ಅಂದದ್ದು. ಗೊತ್ತಿಲ್ಲದೆ ಮಾಡಿದ ಪಾಪ ಎಂದು ಕರುಣೆ ತೋರಿಸಲು ಹೋಗಬೇಡ. ಅವನಿಗೆ ಗೊತ್ತಿತ್ತು. ಇನ್ನು ತಾನು ಎದ್ದರೂ ಮಿಷನ್ನು ನಿಲ್ಲುವುದಿಲ್ಲ ಎಂಬುದು ಚೆನ್ನಾಗಿ ಗೊತ್ತಿತ್ತು. ಹೇಳಿದರೆ ಅವಳು ಮತ್ತೆ ಡೀಲರನ ಮಾತು ಎತ್ತುತ್ತಾಳೆ, ಸ್ವಿಚ್ಚು ತನ್ನಿ ಅನ್ನುತ್ತಾಳೆ. ಅದಕ್ಕೇ ಹೇಳಲಿಲ್ಲ. ನೆನೆಸಿಕೊಂಡರೆ ಈಗಲೂ ನನ್ನ ಮೈ ಉರಿಯುತ್ತದೆ.

ಮದುವೆಯ ಕಾಲ ಬಂತು. ಒಂದು ಮಂಟಪದಲ್ಲಿ ಬೆಳಗಿನ ಮದುವೆ ಮುಗಿದಿತ್ತು, ಸಂಜೆಗೆ ಇನ್ನೊಂದು ಆರತಕ್ಷತೆ. ನಡುವೆ ಲಾನು ಸಮ ಮಾಡಬೇಕು. ಕರೆಂಟಿರಲಿಲ್ಲ. ಲಾನಿನ ಪಕ್ಕದಲ್ಲೇ ದೊಡ್ಡ ಜನರೇಟರು ಗುಡುಗುತ್ತಿತ್ತು. ಒಬ್ಬರ ಮಾತು ಒಬ್ಬರಿಗೆ ಕೇಳದು, ಮಿಷನ್ನು ಓಡುತ್ತಿದೆಯೋ ನಿಂತಿದೆಯೋ ಅದೂ ಕೇಳದು. ಶಾಮಿಯಾನದ ನೈಲಾನ್ ಹಗ್ಗದ ತುಂಡೊಂದು ಹುಲ್ಲಿನಲ್ಲಿ ಅಡಗಿತ್ತು. ಬ್ಲೇಡಿಗೆ ಸುತ್ತಿಕೊಂಡಿತು. ಬ್ಲೇಡು ಬಿಗಿದು ನಿಂತಿತು, ಎಂಜಿನ್ನು ನಿಲ್ಲಲಿಲ್ಲ.

ಜವರಪ್ಪ ಅಭ್ಯಾಸದಂತೆ ಸೀಟಿನಿಂದ ಎದ್ದ. ಚಿಕ್ಕತಾಯಮ್ಮ ಅಭ್ಯಾಸದಂತೆ ಬಗ್ಗಿದಳು.

ಎದ್ದ ಮೇಲೆ ಅವನಿಗೆ ನೆನಪಾಯಿತು. ಕೂಗಿದ. ಜನರೇಟರಿನ ಸದ್ದಿನಲ್ಲಿ ಅವಳಿಗೆ ಕೇಳಲಿಲ್ಲ. ಅವಳು ಹಗ್ಗ ಹಿಡಿದು ಜಗ್ಗಿದಳು. ಹಗ್ಗ ಬಿಟ್ಟಿತು, ಬ್ಲೇಡು ತಿರುಗಿತು. ಬಲಗೈಯ ಹೆಬ್ಬೆರಳು, ಅದರ ಪಕ್ಕದ ಎರಡು ಬೆರಳು ಹೋದವು. ಹೂ ಕಟ್ಟುವ ಬೆರಳುಗಳೇ ಅವು.

ಅವಳನ್ನು ಆಸ್ಪತ್ರೆಗೆ ಸೇರಿಸಿ ಜವರಪ್ಪ ಸ್ಪ್ಯಾನರು ಹಿಡಿದು ನೆಟ್ಟಗೆ ಎಲ್ಲಿಗೆ ಓಡಿದ ಗೊತ್ತೇ? ಡೀಲರನ ಅಂಗಡಿಗೆ. ಹತ್ತುವುದಿಲ್ಲ ಅಂದಿದ್ದ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿದ. ಮುಂದಿನ ಗಾಜು ಪುಡಿಪುಡಿ ಮಾಡಿದ. "ನಿನ್ನಿಂದ ಕಣೋ! ಎಲ್ಲ ನಿನ್ನಿಂದ!" ಎಂದು ಕಿರುಚಿದ. ಡೀಲರು ಮೇಜಿನ ಹಿಂದೆ ಅವಿತುಕೊಂಡ. ಜನ ಸೇರಿ ಜವರಪ್ಪನನ್ನು ಹಿಡಿದು ಆಚೆಗೆ ದಬ್ಬಿದರು.

ಇಲ್ಲಿ ಪಂಚಾಕ್ಷರಿಗೆ ತಡೆಯಲಾಗಲಿಲ್ಲ.

"ಸರಿಯಾಗೇ ಮಾಡಿದ, ಬುದ್ಧಿ! ಅವನು ಮೊದಲು ಮೋಸ ಮಾಡದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ಗಾಜೇನು, ಅವನ ತಲೆಯನ್ನೇ ಒಡೆಯಬೇಕಿತ್ತು."

"ಒಡೆದಿದ್ದರೆ ನಾನೂ ಅಳುತ್ತಿರಲಿಲ್ಲ" ಎಂದರು ಸ್ವಾಮಿಗಳು. "ಬಾಯಿ ಹಾಕಬೇಡ ಅಂದಿದ್ದೆ. ಇನ್ನು ಸ್ವಲ್ಪವೇ ಇದೆ, ಕೇಳು."

ಜವರಪ್ಪ ಆಸ್ಪತ್ರೆಗೆ ವಾಪಸ್ಸು ಬಂದ. ಅವಳಿಗೆ ಎಚ್ಚರವಾಗಿತ್ತು. ಕೈ ತುಂಬ ಬಟ್ಟೆ ಸುತ್ತಿದ್ದರು. ಮಗಳು ಪಕ್ಕದಲ್ಲಿ ಕೂತು ಅಳುತ್ತಿದ್ದಳು. ಇವನು ಹೋದವನೇ ಹೇಳಲು ಶುರುಮಾಡಿದ. ಡೀಲರು ಹೇಗೆ ಅವಿತುಕೊಂಡ, ಗಾಜು ಹೇಗೆ ಉದುರಿತು, ಹೇಗೆ ಇಡೀ ರಸ್ತೆ ನಿಂತು ನೋಡಿತು. ನಿನಗಾಗಿ ಸೇಡು ತೀರಿಸಿಕೊಂಡು ಬಂದೆ ಅಂದ.

ಅವಳು ಪೂರ್ತಿ ಕೇಳಿದಳು. ಅವಳೂ ಸಿಟ್ಟಿನ ಹೆಂಗಸೇ. ಹೂವಿನ ಮಾರ್ಕೆಟ್ಟಿನಲ್ಲಿ ಅವಳ ಬಾಯಿಗೆ ಹೆದರದವರಿರಲಿಲ್ಲ. ಆದರೆ ಆ ಹೊತ್ತು ಅವಳು ಬೈಯಲಿಲ್ಲ.

"ನಿಮ್ಗೆ ಅವನ ಮೇಲೆ ಸಿಟ್ಟಿತ್ತು, ಸರಿ" ಅಂದಳು. "ನನ್ನ ಮೇಲೆ ಏನಿತ್ತು?"

ಜವರಪ್ಪ ಅವಳ ಮಂಚದ ಕಾಲಿಗೆ ಆತುಕೊಂಡು ನೆಲದ ಮೇಲೆ ಕುಸಿದ. ಕೈಯಲ್ಲಿದ್ದ ಸ್ಪ್ಯಾನರು ಕೆಳಗೆ ಬಿತ್ತು. ಅವಳು ಆ ಕಡೆ ಮುಖ ತಿರುಗಿಸಿದಳು.

ಸ್ವಾಮಿಗಳು ಕತೆ ನಿಲ್ಲಿಸಿದರು. ಅವರ ಮುಖ ಕೆಂಪಾಗಿತ್ತು.

"ಹಾಗಾದರೆ ಬುದ್ಧಿ, ಜವರಪ್ಪನ ಸಿಟ್ಟು ತಪ್ಪು ಅನ್ನುತ್ತೀರಾ?"

"ಎಷ್ಟು ಸಲ ಹೇಳಲಿ? ಡೀಲರು ಕಳ್ಳ. ಜವರಪ್ಪನ ಸಿಟ್ಟು ನ್ಯಾಯ. ನಿನ್ನ ಅಣ್ಣನೂ ಕಳ್ಳ. ನಿನ್ನ ಸಿಟ್ಟೂ ನ್ಯಾಯ. ನಾಳೆ ನೀನು ಕೋರ್ಟಿಗೆ ಹೋಗು, ನಿನ್ನ ಪರವಾಗಿ ನಾನೇ ಬಂದು ಸಾಕ್ಷಿ ಹೇಳುತ್ತೇನೆ."

ಪಂಚಾಕ್ಷರಿಯ ಮುಖ ಅರಳಿತು. ಕಾಲಿಗೆ ಬಿದ್ದು, ಎದ್ದು, ಶಲ್ಯ ಕೊಡವಿಕೊಂಡು ಹೊರಡಲು ಸಿದ್ಧನಾದ. ಸ್ವಾಮಿಗಳು ಅವನನ್ನೇ ದುರುಗುಟ್ಟಿ ನೋಡುತ್ತಾ ಕೇಳಿದರು:

"ಹಾಸಿಗೆ ಹಿಡಿದು ನಿನ್ನ ದಾರಿ ಕಾಯುತ್ತಿರುವ ನಿನ್ನ ಅವ್ವ ಯಾರ ಹೊಸ್ತಿಲ ಒಳಗಿದ್ದಾಳೆ?"