ದವಡೆಗೆ ಸಂದು ಬಂದದ್ದು

ಭೂಮಿ ಇನ್ನೂ ಹಸಿಹಸಿಯಾಗಿತ್ತು. ಹೊಳೆಗಳಿಗೆ ತಮ್ಮ ದಾರಿಯೇ ಇನ್ನೂ ಬಾಯಿಪಾಠವಾಗಿರಲಿಲ್ಲ. ಆಗ ಹುಟ್ಟುವ ಮರಿಗಳಿಗೆಲ್ಲ ಮೆದು ಎಲುಬು ಹೆಣೆದುಕೊಡುತ್ತಿದ್ದವಳು ಒಬ್ಬಳೇ, ಬಿಗಿಯಮ್ಮ. ಮೂಗಿನ ತುದಿ ಮುಟ್ಟಿದರೆ ಬಾಗುತ್ತದಲ್ಲ, ಅದೇ ಮೆದು ಎಲುಬು.

ಅವಳಿಗೆ ಯಾರೂ ಹೇಳಿಕೊಟ್ಟವರಿಲ್ಲ. ಜೇಡನನ್ನು ನೋಡಿ ಎಳೆ ಹಾಕಲು ಕಲಿತಳು. ಹಲಸಿನ ಮೇಣ ಮುಟ್ಟಿ ಅಂಟು ಮಾಡಲು ಕಲಿತಳು. ಬಿಳಿ ಎಳೆ ಹೆಣೆಯುವಳು, ನಡುವೆ ಅಂಟು ತುಂಬುವಳು. ಮತ್ತೆ ಎಳೆ, ಮತ್ತೆ ಅಂಟು. ಒಮ್ಮೆ ಹೆಣೆದ ಎಳೆಯನ್ನು ಕಡಿಯಬಾರದು ಎಂಬುದು ಅವಳ ಹಟ.

ಒಂದು ದಿನ ಮಿಂಚವ್ವ ಎಂಬ ಮೀನು ತನ್ನ ಮರಿಯನ್ನು ಕರೆದುಕೊಂಡು ದಡಕ್ಕೆ ಬಂತು.

"ನನ್ನ ಕೂಸು ಬಾಯೇ ಬಿಡ್ತಿಲ್ಲ ತಾಯಿ."

ಬಿಗಿಯಮ್ಮ ಅಂಗೈಯಲ್ಲಿ ನೀರು ತುಂಬಿ ಮರಿಯನ್ನು ಬಿಟ್ಟುಕೊಂಡಳು. ಮೇಲಿನ ದವಡೆಯಿಂದ ಕೆಳಗಿನ ದವಡೆಯವರೆಗೆ ಒಂದೇ ಹೆಣಿಗೆ, ಎಲ್ಲೂ ಸಂದಿಲ್ಲ. ಎಷ್ಟು ಚಂದ! ಆದರೆ ತಾಯಿ ಮೊಟ್ಟೆಯೊಳಗೇ ಕಟ್ಟಿಕೊಟ್ಟ ಹಳದಿ ಬುತ್ತಿ ಮರಿಯ ಹೊಟ್ಟೆಯಡಿ ಕರಗಿ ಕರಗಿ ಚಿಕ್ಕದಾಗಿತ್ತು. ಅದು ಮುಗಿದ ಮೇಲೆ ಮರಿ ತಾನೇ ತಿನ್ನಬೇಕು. ಬಾಯಿ ತೆರೆಯದಿದ್ದರೆ?

"ಹೆಣಿಗೆ ಸಾಲದು, ಅದಕ್ಕೇ ಹೀಗೆ," ಎಂದು ಬಿಗಿಯಮ್ಮ ಇನ್ನೊಂದು ಎಳೆ ಹಾಕಿದಳು. ಬಾಯಿ ಇನ್ನೂ ಬಿಗಿಯಾಯಿತು. ಮತ್ತೆ ಎಳೆ, ಮತ್ತೆ ಅಂಟು. ಬುತ್ತಿ ಒಂದು ಚುಕ್ಕೆಯಾಯಿತು.

ಹೊಳೆ ಸುಮ್ಮನಿರಲಾರದೆ ಹೇಳಿತು, "ಸವರಿಯನ್ನ ಕರೆಯೇ. ಅವಳ ಎಂಜಲಿಗೆ ಎಳೆಯೂ ಕರಗುತ್ತೆ, ಅಂಟೂ ಕರಗುತ್ತೆ."

"ಆ ಹಾಳುಬಾಯಿಯವಳನ್ನಾ? ನಾನು ಕಷ್ಟಪಟ್ಟು ಮಾಡಿದ ಗೊದಮೊಟ್ಟೆಯ ಬಾಲವನ್ನ ಪೂರ್ತಿ ನೆಕ್ಕಿ ಮುಗಿಸಿದವಳು!"

ಕಲ್ಲಿನ ಹಿಂದಿನಿಂದ ಎಳ್ಳುಕಾಳಿಗಿಂತ ಸಣ್ಣವಳೊಬ್ಬಳು ಇಣುಕಿದಳು. ಅವಳೇ ಸವರಿ.

"ನೆಕ್ಕಿದ್ದಕ್ಕೇ ಅದು ಕಪ್ಪೆಯಾಗಿ ದಡದ ಮೇಲೆ ಕುಣೀತಿದೆ. ಬಾಲ ಎಳ್ಕೊಂಡು ಹೇಗಕ್ಕಾ ಹಾರ್ತಿತ್ತು?"

ಅಷ್ಟರಲ್ಲಿ ಅಂಗೈಯ ಮರಿ ಬಾಯಿ ತೆರೆಯಲು ಮುಕ್ಕಿರಿಯಿತು. ಮೈಯೆಲ್ಲ ನಡುಗಿತು. ತೆರೆಯಲಾಗಲಿಲ್ಲ. ಮತ್ತೆ ಮುಕ್ಕಿರಿಯಿತು. ಆ ನಡುಕ ಬಿಗಿಯಮ್ಮನ ಮೊಣಕೈವರೆಗೆ ಹತ್ತಿತು.

"ಎಷ್ಟು ನೆಕ್ತೀಯೇ?" ಅವಳ ದನಿ ಸಣ್ಣಗಾಗಿತ್ತು.

"ನನಗೆ ಶುರು ಮಾಡೋದಷ್ಟೇ ಗೊತ್ತಕ್ಕಾ. ನಿಲ್ಲಿಸೋದು ಗೊತ್ತಿಲ್ಲ. ಸಾಕು ಅನ್ನೋರು ಯಾರಾದ್ರೂ ಬೇಕು. ಬಾಲ ನೆಕ್ಕೋವಾಗ ಹತ್ರ ಯಾರೂ ಇರಲಿಲ್ಲ."

ಎಲ್ಲಿ ಸಾಕು ಎಂಬುದು ಹೆಣೆದವಳಿಗಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ? ಬಿಗಿಯಮ್ಮ ಮರಿಯ ದವಡೆಯ ಮೂಲೆ ತೋರಿಸಿದಳು. "ಇಲ್ಲಿ. ಇಷ್ಟೇ ಅಗಲ."

ಸವರಿ ನೆಕ್ಕಿದಳು. ಒಂದು ಎಳೆ ಕರಗಿತು. ಬಿಗಿಯಮ್ಮ ತುಟಿ ಕಚ್ಚಿಕೊಂಡಳು. ಇನ್ನೊಂದು ಎಳೆ ಕರಗಿತು. ತನ್ನ ಕೈಕೆಲಸ ಕಣ್ಣೆದುರೇ ನೀರಾಗುತ್ತಿತ್ತು. ಆದರೂ ಕೈ ಅಲುಗಿಸಲಿಲ್ಲ, ಕಣ್ಣು ಮುಚ್ಚಲಿಲ್ಲ. ಮುಚ್ಚಿದರೆ ಲೆಕ್ಕ ತಪ್ಪುತ್ತದೆ.

"ಸಾಕು!"

ಸವರಿ ತಟ್ಟನೆ ನಿಂತಳು. ಕೂದಲೆಳೆಯಷ್ಟು ಸಂದು. ಅಷ್ಟೇ.

ಮರಿ ಬಾಯಿ ತೆರೆಯಿತು. ಮುಚ್ಚಿತು. ಮತ್ತೆ ತೆರೆಯಿತು. ನೀರಲ್ಲಿ ತೇಲುತ್ತಿದ್ದ ಪಾಚಿಯ ಚೂರೊಂದನ್ನು ಗುಳುಂ ಎಂದು ನುಂಗಿತು. ಮಿಂಚವ್ವನ ಬಾಯಿಂದ ಖುಷಿಗೆ ಬರೀ ಗುಳ್ಳೆ ಬಂದವು.

ಬಿಗಿಯಮ್ಮ ಮರಿಯನ್ನು ಮೆಲ್ಲಗೆ ಹೊಳೆಗಿಳಿಸಿ, ಸವರಿಯ ಕಡೆ ನೋಡದೆಯೇ ಗೊಣಗಿದಳು, "ನಾಳೆ ಮೊಲದ ಮನೆಯಲ್ಲಿ ಕೆಲಸ ಇದೆ. ಹೊತ್ತಿಗೆ ಸರಿಯಾಗಿ ಬಾ. ನಾನಿಲ್ಲದಾಗ ನಾಲಿಗೆ ಚಾಚಿದರೆ ನೋಡು ಮತ್ತೆ!"

ಅಂದಿನಿಂದ ಅವರಿಬ್ಬರದೂ ಜೋಡಿ ಕೆಲಸ. ನೀನು ಅಮ್ಮನ ಹೊಟ್ಟೆಯಲ್ಲಿದ್ದಾಗಲೂ ಬಂದಿದ್ದರು. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ನೋಡು ಕಂದಾ, ಅಲ್ಲೊಂದು ಸಣ್ಣ ಗುಳಿ ಬೀಳುತ್ತದಲ್ಲ, ಅದೇ ಸವರಿ ನೆಕ್ಕಿ, ಬಿಗಿಯಮ್ಮ ಸಾಕು ಎಂದ ಜಾಗ.