ಮೇಣದ ಕೈಯ ಗುರುತು

ಹೊನ್ನೆಕಟ್ಟೆಯ ಪೇಟೆಯಲ್ಲಿ ಡಂಗುರ ಸಾರಿದರು. ಅರಸುಕುವರಿ ಪದುಮಲೆ ಮೂರು ಒಗಟು ಕೇಳುತ್ತಾಳೆ. ಮೂರೂ ಇಗರ್ಜಿಗೆ ಹೋಗುವ ಕ್ರೈಸ್ತರ ದೇವರ ಮೈಯನ್ನು ಕುರಿತವು. ಬಿಡಿಸಿದವರು ಬೇಡಿದ್ದನ್ನು ಪಡೆಯಬಹುದು. ಒಂದರಲ್ಲಿ ತಪ್ಪಿದರೂ ಅಮಾವಾಸ್ಯೆಯಂದು ತಲೆ ಹೋಗುತ್ತದೆ. ಒಳಗೆ ಕೇಳಿದ್ದನ್ನು ಹೊರಗೆ ಆಡುವಂತಿಲ್ಲ.

ಎರಡು ವರ್ಷದ ಹಿಂದೆ ಅರಮನೆಗೆ ಬೆಂಕಿ ಬಿದ್ದಿತ್ತು. ಅಂದಿನಿಂದ ಕುವರಿ ಪರದೆಯ ಹಿಂದೆಯೇ ಕೂರುತ್ತಿದ್ದಳು. ಅವಳ ಕಿಟಕಿಯಿಂದ ಇಗರ್ಜಿ ಕಾಣುತ್ತಿತ್ತು.

ಅವಳನ್ನು ಮದುವೆಯಾಗಬೇಕೆಂದು ಸಾವಂತರ ಮನೆಯ ದುಗ್ಗಣ್ಣ ಮೊದಲು ಹೋದ. ಒಂದು ಗಳಿಗೆಯೊಳಗೆ ಸೆರೆಮನೆ ಸೇರಿದ. ಆಮೇಲೆ ಹೋದವನು ಇಗರ್ಜಿಯಲ್ಲಿ ಮಕ್ಕಳಿಗೆ ಧರ್ಮ ಕಲಿಸುವ ಉಪದೇಶಿ ಜೊಕಿಂ. ದೇವರ ವಿಷಯ ಕೇಳಿದ ಮೇಲೆ ಸುಮ್ಮನಿರುವುದು ಸರಿಯಲ್ಲ ಎಂದು ಹೋದ ಮುದುಕ ಸಂಜೆಯಾದರೂ ಹಿಂತಿರುಗಲಿಲ್ಲ.

ಮೇಣದ ಇನಾಸನನ್ನು ಸಾಕಿದವನು ಈ ಜೊಕಿಂ. ಇನಾಸನದು ಹರಕೆಯ ಕೈಕಾಲು ಮಾಡುವ ಕಸುಬು. ಕೈನೋವು ವಾಸಿಯಾದವರು ಮೇಣದ ಕೈಯನ್ನು, ಕಾಲುನೋವು ವಾಸಿಯಾದವರು ಮೇಣದ ಕಾಲನ್ನು ಇಗರ್ಜಿಗೆ ಒಪ್ಪಿಸುತ್ತಿದ್ದರು. ಅವನು ಓದಿದವನಲ್ಲ. ಅಮಾವಾಸ್ಯೆಗೆ ಎರಡು ದಿನ ಉಳಿದಿದ್ದಾಗ ಕೈ ತೊಳೆದುಕೊಂಡು ಅರಮನೆಗೆ ನಡೆದ. ಉಪದೇಶಿಯೂ ಸೋತ ಮೇಲೆ ಈಗ ಮೇಣದವನೇ ಬಂದನಲ್ಲ ಎಂದು ಕಾವಲುಗಾರರು ನಕ್ಕರು.

ಪರದೆಯ ಹಿಂದಿನ ದನಿ ನೇರವಾಗಿ ಒಗಟಿಗೆ ಬಂತು. "ನಿಮ್ಮ ಗ್ರಂಥದಲ್ಲಿ ದೇವರಿಗೆ ಕಣ್ಣಿದೆ, ಕಿವಿಯಿದೆ, ಕೈಯಿದೆ. ಆ ಕೈ ಎಷ್ಟು ಮೊಳ?"

ದಿನವೂ ಕೈಗಳನ್ನು ಅಳೆಯುವ ಇನಾಸ ಸ್ವಲ್ಪ ಯೋಚಿಸಿದ. "ಅಳತೆಗೆ ಸಿಗುವುದಿಲ್ಲ, ಒಡತಿ. ದೇವರು ಆತ್ಮ, ಮೈ ಇಲ್ಲ. ಅರಸರ ಕೈ ಗಡಿಯವರೆಗೆ ಚಾಚಿದೆ ಅಂತ ನಿಮ್ಮ ಡಂಗುರದವನೇ ಸಾರುತ್ತಾನೆ. ಹಾಗಂತ ಅಷ್ಟುದ್ದ ತೋಳಿನ ಅಂಗಿ ಯಾರೂ ಹೊಲಿದಿಲ್ಲ."

ಒಳಗಿನಿಂದ ಸಣ್ಣ ನಗು ಕೇಳಿತು. ಆಕಾಶದಷ್ಟು ಉದ್ದ ಎಂದು ಹೇಳಿ ದುಗ್ಗಣ್ಣ ಸೋತಿದ್ದನೆಂದು ಕುವರಿಯೇ ಹೇಳಿದಳು.

"ಎರಡನೆಯದು. ಒಬ್ಬ ತನ್ನ ತಾಯಿಗಿಂತ ಹಿರಿಯ. ಅವನ ಮೈ ಮಾತ್ರ ತಾಯಿಗಿಂತ ಕಿರಿಯದು. ಯಾರು?"

"ಯೇಸುಸ್ವಾಮಿ. ಲೋಕ ಹುಟ್ಟುವ ಮೊದಲೇ ಇದ್ದವರು, ಮೈ ಇಲ್ಲದೆ. ಮರಿಯಮ್ಮನ ಬಸಿರಲ್ಲಿ ನಮ್ಮಂಥ ಮೈ ಪಡೆದರು. ಹಸಿಯುವ ಮೈ, ಬೆಂಕಿ ತಾಗಿದರೆ ಸುಡುವ ಮೈ."

"ಸುಡುವ?"

"ಸುಡುವ, ಒಡತಿ."

ಪರದೆ ಸ್ವಲ್ಪ ಅಲುಗಿತು. ಆಮೇಲೆ ಮೂರನೆಯ ಒಗಟು ಬಂತು.

"ಸತ್ತು ಮತ್ತೆ ಎದ್ದ ಮೈ ಅದು. ಇನ್ನು ಅದಕ್ಕೆ ನೋವಿಲ್ಲ, ಸಾವಿಲ್ಲ, ಕೊರತೆಯಿಲ್ಲ ಅನ್ನುತ್ತೀರಿ. ಆದರೂ ಅದರಲ್ಲಿ ಶಿಲುಬೆಯ ಐದು ಗಾಯ ಉಳಿದಿವೆ. ಯಾಕೆ?"

ಎದ್ದು ಬಂದವರು ಅವರೇನಾ ಎಂದು ಸಂಶಯಪಟ್ಟ ಶಿಷ್ಯ ಮುಟ್ಟಿ ನೋಡಲೆಂದು ಎಂಬ ಮಾತು ಇನಾಸನ ನಾಲಿಗೆಯ ತುದಿಗೆ ಬಂತು. ಚಿಕ್ಕಂದಿನಲ್ಲಿ ಉಪದೇಶಿ ಕಲಿಸಿದ್ದು ಅದನ್ನೇ. ಕುವರಿ ಅದನ್ನು ಊಹಿಸಿದಳು. "ಶಿಷ್ಯನಿಗೆ ತೋರಿಸಲು ಅಂದ ನಿಮ್ಮ ಉಪದೇಶಿ. ತೋರಿಸಿದ್ದು ಅಂದಿಗೇ ಮುಗಿಯಿತಲ್ಲ, ಇನ್ನೂ ಯಾಕೆ ಅಂತ ಕೇಳಿದೆ. ಅಲ್ಲಿಗೆ ಅವನು ಸೋತ."

ಇನಾಸ ತಲೆ ತಗ್ಗಿಸಿದ. ತನ್ನ ಕೈಗಳನ್ನು ನೋಡಿಕೊಂಡ. ಉಗುರಿನ ಸಂದಿಯಲ್ಲಿ ತೊಳೆದರೂ ಹೋಗದ ಮೇಣವಿತ್ತು. ಆಗ ಒಂದು ಕೆಲಸ ನೆನಪಾಯಿತು.

"ಒಡತಿ, ಒಬ್ಬ ಬೆಸ್ತನ ಅಂಗೈ ಹಗ್ಗಕ್ಕೆ ಸಿಕ್ಕಿ ಸೀಳಿತ್ತು. ವಾಸಿಯಾದ ಮೇಲೆ ಅವನ ಹೆಂಡತಿ ಹರಕೆಯ ಕೈ ಮಾಡಿಸಲು ಗಂಡನನ್ನು ಕರೆತಂದಳು. ಅಚ್ಚು ತೆಗೆದೆ. ಹರಕೆಯ ಕೈ ಚೆಂದವಿರಬೇಕು ಅಂತ ಗಾಯದ ಗೆರೆಯನ್ನು ಬಿಸಿ ಚಮಚದಿಂದ ಸವರಿ ಅಳಿಸಿಬಿಟ್ಟೆ. ಅದು ನಮ್ಮ ಕಸುಬಿನ ರೂಢಿ. ಆ ಹೆಂಗಸು ಅದನ್ನು ವಾಪಸು ತಂದು ನನ್ನ ಮುಂದಿಟ್ಟಳು. ಇದು ಯಾರ ಕೈಯೋ, ನನ್ನ ಗಂಡನದಲ್ಲ ಅಂದಳು."

ಇನಾಸ ನಿಧಾನವಾಗಿ ಮುಗಿಸಿದ. "ಗಾಯ ಉಳಿದದ್ದು ಕೊರತೆಯಲ್ಲ. ಅದನ್ನು ಅಳಿಸಿದ್ದರೆ ಕೊರತೆಯಾಗುತ್ತಿತ್ತು. ನಮಗಾಗಿ ನೊಂದ ಮೈ ಅದೇ ಅಂತ ಹೇಗೆ ತಿಳಿಯಬೇಕು? ಅವರು ಆ ಮೈಯನ್ನು ಬಿಟ್ಟುಹೋಗಲಿಲ್ಲ, ಬದಲಿಸಲೂ ಇಲ್ಲ. ಈಗಲೂ ಅದೇ ಮೈಯಲ್ಲಿದ್ದಾರೆ."

ಪರದೆಯ ಅಂಚಿನಿಂದ ಒಂದು ಕೈ ಹೊರಬಂತು. ಮೊಣಕೈವರೆಗೆ ಚರ್ಮ ಸುಟ್ಟು ಸುಕ್ಕುಗಟ್ಟಿತ್ತು.

"ಇದರ ಅಚ್ಚು ತೆಗೆಯುತ್ತೀಯಾ?"

"ತೆಗೆಯುತ್ತೇನೆ, ಒಡತಿ."

"ಚಮಚ ಮುಟ್ಟಿಸಬಾರದು."

"ಮುಟ್ಟಿಸುವುದಿಲ್ಲ."

ಪದುಮಲೆ ತಾನೇ ಪರದೆಯನ್ನು ಸರಿಸಿ ಎದುರು ಬಂದು ಕುಳಿತಳು. ಏನು ಬೇಕೋ ಬೇಡು ಎಂದಳು. ಇನಾಸ ಎರಡು ತಲೆಗಳನ್ನು ಬೇಡಿದ, ಅವು ಇದ್ದ ಹೆಗಲಿನ ಮೇಲೆಯೇ. ದುಗ್ಗಣ್ಣ ಹಿಂತಿರುಗಿ ನೋಡದೆ ಊರು ಬಿಟ್ಟ. ಜೊಕಿಂ ದಾರಿಯುದ್ದಕ್ಕೂ ಮೂರನೆಯ ಉತ್ತರವೇನೆಂದು ಪೀಡಿಸಿದ. ಒಳಗಿನದನ್ನು ಹೊರಗೆ ಆಡುವಂತಿಲ್ಲವಲ್ಲ, ಇನಾಸ ಬಾಯಿ ಬಿಡಲಿಲ್ಲ.

ಮುಂದಿನ ಭಾನುವಾರ ಪೂಜೆಗೆ ಹೋದ ಜೊಕಿಂ ಹರಕೆಯ ಕೈಗಳ ಸಾಲಿನ ಮುಂದೆ ನಿಂತ. ನುಣ್ಣನೆಯ ಕೈಗಳ ನಡುವೆ ಹೊಸದೊಂದು ತೂಗುತ್ತಿತ್ತು, ಮೊಣಕೈವರೆಗೆ ಸುಟ್ಟ ಗುರುತಿನದು. ಮುದುಕ ಅದನ್ನು ಬೆರಳಿಂದ ಮುಟ್ಟಿ ನೋಡಿದ. ಆಮೇಲೆ ಅವನು ಉತ್ತರ ಕೇಳಲಿಲ್ಲ.